ಕಡಿಮೆ ತಿಂದರೂ ತೂಕ ಯಾಕೆ ಏರುತ್ತದೆ? ದುಡಿಯುವ ಬಡವರು ಸಣ್ಣಗೇ ಇರಬೇಕಲ್ವಾ?

ಪ್ರಶ್ನೆ: ಮೇಡಂ, ನನಗೆ 38 ವರ್ಷ. ಊರು ಮದ್ದೂರಿನ ಹತ್ತಿರ. ಬೆಂಗಳೂರಿಗೆ ಬಂದು ಹನ್ನೊಂದು ವರ್ಷವಾಯಿತು, ಮೈಸೂರು ರಸ್ತೆ ಕಡೆ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಯಜಮಾನರು ಆಟೋ ಓಡಿಸುತ್ತಾರೆ. ಮನೆಯಲ್ಲಿ ಇಬ್ಬರು ಮಕ್ಕಳು, ಅತ್ತೆ ಇದ್ದಾರೆ. ಬಂದಾಗ 52 ಕೆ.ಜಿ. ಇದ್ದೆ, ಈಗ 68. ಎತ್ತರ 152 ಸೆಂ.ಮೀ., ಸೊಂಟ 94 ಸೆಂ.ಮೀ. ಖಾಲಿ ಹೊಟ್ಟೆ ಸಕ್ಕರೆ 108, ಮೂರು ತಿಂಗಳ ಸರಾಸರಿ ಟೆಸ್ಟ್ 6.0, ಹಿಮೋಗ್ಲೋಬಿನ್ 10.4. ಥೈರಾಯ್ಡ್ ನಾರ್ಮಲ್. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಎಲ್ಲರಿಗೂ ಅಡುಗೆ ಮಾಡಿ ಬರೀ ಟೀ, ಬಿಸ್ಕೆಟ್ ತಿಂದು ಹೊರಡುತ್ತೇನೆ. ಮಧ್ಯಾಹ್ನ ಬಾಕ್ಸಲ್ಲಿ ಚಿತ್ರಾನ್ನ ಇಲ್ಲ ಅನ್ನ ಸಾರು. ಸಂಜೆ ಬಸ್ ಇಳಿದಾಗ ಹಸಿವು ತಡೆಯದೆ ಬಜ್ಜಿ, ಬೋಂಡ. ರಾತ್ರಿ ಎಲ್ಲರದೂ ಆದ ಮೇಲೆ ಹತ್ತು ಗಂಟೆಗೆ ಉಳಿದ ಅನ್ನ. ಮಲಗುವಾಗ ಹನ್ನೊಂದು. ಊಟ ಎರಡೇ ಹೊತ್ತು. ಊರಲ್ಲಿ ನನ್ನ ಓರಗಿತ್ತಿ ಎರಡು ಮುದ್ದೆ ಉಂಡು ಕಡ್ಡಿ ಹಾಗಿದ್ದಾಳೆ. ಆಫೀಸಿನ ಮೇಡಂಗಳೂ ಸಣ್ಣಗಿದ್ದಾರೆ. ನಡುವೆ ನಾನು ಮಾತ್ರ ಹೀಗೆ. ಅತ್ತೆ 'ಬಾಯಿ ಕಟ್ಟು' ಅನ್ನುತ್ತಾರೆ. ನಮ್ಮಂಥ ದುಡಿಯುವವರು ಸಣ್ಣಗೇ ಇರಬೇಕಲ್ವಾ? ಅನ್ನ ಬಿಟ್ಟು ಮುದ್ದೆ ತಿನ್ನಲಾ? ರಾತ್ರಿ ಊಟ ಬಿಡಲಾ? ಪಕ್ಕದ ಮನೆಯವರು ತೂಕ ಇಳಿಸುವ ಪೌಡರ್ ತಗೋ ಅನ್ನುತ್ತಿದ್ದಾರೆ, ತಿಂಗಳಿಗೆ ಮೂರು ಸಾವಿರ. ತಗೊಳ್ಳಲಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಒಂದು, ಏನು ತಿನ್ನಲಿ ಏನು ಬಿಡಲಿ. ಇನ್ನೊಂದನ್ನು ನೀವು ಬಾಯಿಬಿಟ್ಟು ಕೇಳಿಲ್ಲ, ಆದರೆ ಸಾಲು ಸಾಲಲ್ಲೂ ಇದೆ: ತಪ್ಪು ನನ್ನದೇ? ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಇಲ್ಲ, ನಿಮ್ಮ ತೂಕ ನಿಮ್ಮ ಬಾಯಿಚಪಲದ ಲೆಕ್ಕ ಅಲ್ಲ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಆಹಾರ ತಜ್ಞೆಯಾಗಿ ಕೂತು ನಾನು ವರ್ಷಗಳಿಂದ ನೋಡುತ್ತಿರುವುದು ಇದನ್ನೇ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಮನೆಗೆಲಸದವರು, ಸೆಕ್ಯೂರಿಟಿ ಗಾರ್ಡುಗಳು, ಆಟೋ ಡ್ರೈವರುಗಳು. ಎಲ್ಲರೂ ಊರು ಬಿಟ್ಟು ಬಂದ ಮೇಲೆ ದಪ್ಪ ಆದವರು. ಎಲ್ಲರ ದಿನಚರಿಯೂ ಹೆಚ್ಚುಕಮ್ಮಿ ನಿಮ್ಮದರ ಹಾಗೇ ಇರುತ್ತದೆ. ಇಷ್ಟು ಜನ ಒಂದೇ ಸಲ ಆಸೆಬುರುಕರಾಗುವುದು ಸಾಧ್ಯವಿಲ್ಲ.

ಇನ್ನು ನಿಮ್ಮ ಅಂಕಿಗಳು. ನಿಮ್ಮ ಎತ್ತರಕ್ಕೆ ಈ ತೂಕ ಅಂದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 29ರ ಮೇಲೆ. ಭಾರತೀಯರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ನಮ್ಮ ವೈದ್ಯರು 2009ರಲ್ಲೇ ಒಪ್ಪಿಕೊಂಡ ಅಳತೆ ಇದೆ. ಹೆಂಗಸರಿಗೆ ಸೊಂಟ 80 ಸೆಂ.ಮೀ. ಒಳಗೆ ಇರಬೇಕು, ನಿಮ್ಮದು 94. ಸಕ್ಕರೆ ಇನ್ನೂ ಕಾಯಿಲೆ ಆಗಿಲ್ಲ, ಆದರೆ ಅದರ ಹಿಂದಿನ ಹಂತದಲ್ಲಿದೆ. ಹಿಮೋಗ್ಲೋಬಿನ್ 12 ಇರಬೇಕಾದ ಕಡೆ 10.4 ಇದೆ, ಅಂದರೆ ರಕ್ತಹೀನತೆ. ನನಗೆ ಎಲ್ಲಕ್ಕಿಂತ ಜಾಸ್ತಿ ಮಾತಾಡುವ ಅಂಕಿ ಇದೇ. ಮೈಯಲ್ಲಿ ಕೊಬ್ಬು ಜಾಸ್ತಿ, ರಕ್ತದಲ್ಲಿ ಕಬ್ಬಿಣ ಕಡಿಮೆ. ಹೊಟ್ಟೆ ತುಂಬಿದೆ, ಆದರೆ ದೇಹಕ್ಕೆ ಬೇಕಾದ್ದು ಸಿಕ್ಕಿಲ್ಲ. 'ಜಾಸ್ತಿ ತಿಂದು ದಪ್ಪ ಆದಳು' ಅನ್ನುವ ಮಾತು ಇಲ್ಲೇ ಬಿದ್ದುಹೋಗುತ್ತದೆ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ, ಶೇ. 30ರಷ್ಟು ಮಂದಿಗೆ ತೂಕ ಜಾಸ್ತಿ ಇದೆ. ಇದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ. ಎರಡೂ ಇರುವ ನಿಮ್ಮಂಥವರು ನಮ್ಮ ಸರದಿಯಲ್ಲಿ ದಿನಾ ಸಿಗುತ್ತಾರೆ.

ಬಡವರು ಸಣ್ಣಗಿರಬೇಕು ಅನ್ನುವ ನಂಬಿಕೆ ಒಂದು ಕಾಲಕ್ಕೆ ನಿಜವೇ ಆಗಿತ್ತು. ದೇಶದ ಒಟ್ಟು ಲೆಕ್ಕ ತೆಗೆದರೆ ಇವತ್ತಿಗೂ ಅನುಕೂಲಸ್ಥರಲ್ಲೇ ದಪ್ಪ ಜಾಸ್ತಿ. ಅದೇ ಸಮೀಕ್ಷೆಯಲ್ಲಿ ದೇಶದ ಅತಿ ಬಡ ಮನೆಗಳ ಹೆಂಗಸರಲ್ಲಿ ಹತ್ತರಲ್ಲಿ ಒಬ್ಬರಿಗೆ ತೂಕ ಹೆಚ್ಚು, ಅತಿ ಶ್ರೀಮಂತ ಮನೆಗಳಲ್ಲಿ ಹತ್ತರಲ್ಲಿ ನಾಲ್ವರ ಹತ್ತಿರ. ಹಾಗಾಗಿ ಶ್ರೀಮಂತರೆಲ್ಲ ಸಣ್ಣಗಿದ್ದಾರೆ ಅನ್ನುವುದೂ ಸರಿಯಲ್ಲ. ನೀವು ನೋಡುತ್ತಿರುವ ಆಫೀಸಿನ ಮೇಡಂಗಳು ಓದಿದ, ನಗರದ, ಸಂಬಳದ ಒಂದು ಸಣ್ಣ ಗುಂಪು ಅಷ್ಟೇ.

ಆದರೆ ಆ ಗುಂಪಿನಲ್ಲಿ ಶುರುವಾಗಿರುವುದು ಮುಂದೆ ಎಲ್ಲ ಕಡೆ ಬರುತ್ತದೆ. 1989ರಲ್ಲಿ ಸೋಬಲ್ ಮತ್ತು ಸ್ಟಂಕರ್ಡ್ ಅನ್ನುವ ಇಬ್ಬರು ಸಂಶೋಧಕರು ಬೇರೆ ಬೇರೆ ದೇಶಗಳ 144 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಬಡ ದೇಶಗಳಲ್ಲಿ ಹಣ ಇದ್ದವರು ದಪ್ಪ. ಶ್ರೀಮಂತ ದೇಶಗಳಲ್ಲಿ ತಿರುಗುಮುರುಗು, ಅದರಲ್ಲೂ ಹೆಂಗಸರಲ್ಲಿ: ಬಡ ಹೆಂಗಸರು ದಪ್ಪ, ಅನುಕೂಲಸ್ಥ ಹೆಂಗಸರು ಸಣ್ಣ. ದೇಶದ ಆದಾಯ ಏರುತ್ತಾ ಹೋದ ಹಾಗೆ ಬೊಜ್ಜು ನಿಧಾನಕ್ಕೆ ಮೇಲಿಂದ ಕೆಳಗೆ ಇಳಿಯುತ್ತದೆ. ಬ್ರೆಜಿಲ್‌ನಲ್ಲಿ ಇದು ಆಗಿಹೋಗಿದೆ. ನಮ್ಮ ದೊಡ್ಡ ಊರುಗಳು ಈಗ ಆ ತಿರುವಿನಲ್ಲಿವೆ ಅನ್ನುವುದು ನನ್ನ ಅಭಿಪ್ರಾಯ. 2015-16ರಲ್ಲಿ ಕರ್ನಾಟಕದ ಗಂಡಸರಲ್ಲಿ ಶೇ. 22 ಮಂದಿಗೆ ತೂಕ ಜಾಸ್ತಿ ಇತ್ತು, ನಾಲ್ಕೈದು ವರ್ಷದಲ್ಲಿ ಅದು ಶೇ. 31ರ ಹತ್ತಿರ ಬಂತು. ಇಷ್ಟು ಬೇಗ ಜನರ ಗುಣ ಬದಲಾಗುವುದಿಲ್ಲ. ಬದಲಾದದ್ದು ಕೆಲಸ, ನಿದ್ದೆ, ಅಂಗಡಿಯಲ್ಲಿ ಕೈಗೆ ಸಿಗುವ ಪದಾರ್ಥ, ಅದರ ಬೆಲೆ.

ಈಗ ನಿಮ್ಮ ಓರಗಿತ್ತಿಯ ಮುದ್ದೆಗೆ ಬರುತ್ತೇನೆ, ಯಾಕೆಂದರೆ ಈ ಪ್ರಶ್ನೆ ನನ್ನ ಹತ್ತಿರ ಬರುವ ಹಳೇ ಮೈಸೂರು ಕಡೆಯವರೆಲ್ಲರೂ ಕೇಳುತ್ತಾರೆ. 'ಹಿಟ್ಟಂ ತಿಂದವ ಬೆಟ್ಟಂ ಕಿತ್ತಿಟ್ಟಂ' ಅನ್ನುವ ಮಾತು ಕೇಳಿ ಬೆಳೆದವರು ನಾವು. ರಾಗಿ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂಗೂ ಜಾಸ್ತಿ ಸುಣ್ಣಾಂಶ ಇದೆ, ಪಾಲಿಶ್ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ನಾರು ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂ. ಆದರೆ ಕ್ಯಾಲರಿ? ರಾಗಿಯಲ್ಲಿ ಸುಮಾರು 320, ಅಕ್ಕಿಯಲ್ಲಿ 356. ದೊಡ್ಡ ವ್ಯತ್ಯಾಸ ಏನಿಲ್ಲ. ಪ್ರೋಟೀನ್ ಕೂಡ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಅಂದರೆ ಮುದ್ದೆ ತೂಕ ಇಳಿಸುವ ಔಷಧ ಅಲ್ಲ. ಜಾಸ್ತಿ ಹೊತ್ತು ಹೊಟ್ಟೆ ತುಂಬಿದ ಹಾಗಿರುತ್ತದೆ, ಮಧ್ಯೆ ಮಧ್ಯೆ ಬಾಯಾಡಿಸುವುದು ತಪ್ಪುತ್ತದೆ, ಅದು ಅದರ ನಿಜವಾದ ಉಪಕಾರ.

ಓರಗಿತ್ತಿ ಸಣ್ಣಗಿರುವುದಕ್ಕೆ ಕಾರಣ ಮುದ್ದೆಗಿಂತ ಜಾಸ್ತಿ ಅವರ ದಿನ. ನಾಟಿ, ಕಳೆ, ಹಸುವಿಗೆ ಹುಲ್ಲು, ನೀರು ಹೊರುವುದು, ಹೊಲಕ್ಕೂ ಮನೆಗೂ ಓಡಾಟ. ಇಂಥ ಕೆಲಸಕ್ಕೆ ಒಂದು ಗಂಟೆಗೆ ಬೇಕಾಗುವ ಶಕ್ತಿ ಮಷಿನ್ ಮುಂದೆ ಕೂತು ಹೊಲಿಯುವುದಕ್ಕಿಂತ ಎರಡು ಪಟ್ಟು, ಕೆಲವು ಕೆಲಸಕ್ಕೆ ಇನ್ನೂ ಜಾಸ್ತಿ. ನಿಮಗೂ ಸುಸ್ತಾಗುತ್ತದೆ. ಭುಜ ನೋಯುತ್ತದೆ, ಸೊಂಟ ಹಿಡಿಯುತ್ತದೆ, ಟಾರ್ಗೆಟ್ ಮುಗಿಸುವ ಒತ್ತಡದಲ್ಲಿ ತಲೆ ಸಿಡಿಯುತ್ತದೆ. ಆದರೆ ಸುಸ್ತಿಗೂ ಕ್ಯಾಲರಿ ಖರ್ಚಿಗೂ ನೇರ ಸಂಬಂಧ ಇಲ್ಲ. 'ದಿನವಿಡೀ ದುಡಿಯುತ್ತೇನೆ, ಆದರೂ ದಪ್ಪ' ಅಂತ ಹೇಳುವ ಹೆಂಗಸರು ಸುಳ್ಳು ಹೇಳುತ್ತಿಲ್ಲ. ಎಂಟು ಗಂಟೆ ಕೈ ಮತ್ತು ಕಣ್ಣು ದುಡಿದಿವೆ, ಕಾಲು ದುಡಿದಿಲ್ಲ, ಅಷ್ಟೇ. ಇನ್ನೊಂದು ಮಾತು: ಓರಗಿತ್ತಿ ಕಡ್ಡಿ ಹಾಗಿದ್ದಾರೆ ಅಂದ ಮಾತ್ರಕ್ಕೆ ಆರೋಗ್ಯವಾಗಿದ್ದಾರೆ ಅಂತ ಅಂದುಕೊಳ್ಳಬೇಡಿ. ಅವರ ಹಿಮೋಗ್ಲೋಬಿನ್ ನಿಮ್ಮದಕ್ಕಿಂತ ಕಡಿಮೆ ಇದ್ದರೂ ಇರಬಹುದು.

'ಎರಡೇ ಹೊತ್ತು ಊಟ' ಅಂದಿರಿ. ನಿಜ. ಆದರೆ ಊಟ ಅಂತ ನಾವು ಲೆಕ್ಕಕ್ಕೇ ಹಿಡಿಯದ್ದು ಎಷ್ಟಿದೆ ನೋಡಿ. ಗಾರ್ಮೆಂಟ್ಸ್‌ನವರ ಸಾಮಾನ್ಯ ದಿನ ಅಂದರೆ ನಾಲ್ಕು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಅಲ್ಲಿಗೆ 40 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ಹೇಳಿದೆ. ಬೆಳಗಿನ ಬಿಸ್ಕೆಟ್ ಪೊಟ್ಟಣ 50 ಗ್ರಾಂ ಇದ್ದರೆ 220 ಕ್ಯಾಲರಿ ಮೇಲೆ. ಸಂಜೆಯ ಎರಡು ಬಜ್ಜಿ, ಒಂದು ಬೋಂಡ ಸುಮಾರು 300. ಸಕ್ಕರೆ, ಬಿಸ್ಕೆಟ್, ಬಜ್ಜಿ ಸೇರಿ ಎರಡು ದೊಡ್ಡ ಮುದ್ದೆಯ ಹಿಟ್ಟಿನಷ್ಟು ಕ್ಯಾಲರಿ, ಆದರೆ ತಟ್ಟೆಯ ಮುಂದೆ ಕೂತ ನೆನಪೇ ಇರುವುದಿಲ್ಲ. ಇದು ಎಲ್ಲರಿಗೂ ಆಗುತ್ತದೆ. 1992ರಲ್ಲಿ ಅಮೆರಿಕದಲ್ಲಿ, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಅನ್ನುತ್ತಿದ್ದವರನ್ನು ವೈಜ್ಞಾನಿಕವಾಗಿ ಅಳೆದು ನೋಡಿದರು. ಅವರು ಹೇಳಿದ್ದಕ್ಕಿಂತ ನಿಜವಾಗಿ ತಿಂದದ್ದು ಎಷ್ಟೋ ಜಾಸ್ತಿ ಇತ್ತು, ಸರಾಸರಿ ಅರ್ಧದಷ್ಟು ಆಹಾರ ಅವರ ಲೆಕ್ಕಕ್ಕೇ ಬಂದಿರಲಿಲ್ಲ. ಬೇಕಂತ ಮುಚ್ಚಿಟ್ಟದ್ದಲ್ಲ. ನಿಂತು, ನಡೆದು, ಕೆಲಸದ ಮಧ್ಯೆ ತಿಂದದ್ದು ಮನಸ್ಸಿಗೆ ಅಂಟುವುದಿಲ್ಲ. ನಿಮ್ಮದು ಹನ್ನೊಂದು ವರ್ಷಕ್ಕೆ ಹದಿನಾರು ಕೆ.ಜಿ., ಅಂದರೆ ವರ್ಷಕ್ಕೆ ಒಂದೂವರೆ. ಒಂದು ದಿನದ ಲೆಕ್ಕದಲ್ಲಿ ಅದು ಕಣ್ಣಿಗೇ ಕಾಣದಷ್ಟು ಚಿಕ್ಕದು.

ಆದರೆ ಬಜ್ಜಿ ತಿನ್ನಬೇಡಿ ಅಂತ ಹೇಳಿ ಕಳಿಸಿದರೆ ನಾನು ನಿಮ್ಮ ಅತ್ತೆ ಹೇಳಿದ್ದನ್ನೇ ಹೇಳಿದ ಹಾಗಾಯಿತು. ಬಜ್ಜಿ ಯಾಕೆ ಬೇಕಾಗುತ್ತದೆ ಅನ್ನುವುದು ಮುಖ್ಯ. ಬೆಳಿಗ್ಗೆ ಸರಿಯಾದ ತಿಂಡಿ ಇಲ್ಲ. ಮಧ್ಯಾಹ್ನದ ಬಾಕ್ಸಿನಲ್ಲಿ ಅನ್ನ ಮಾತ್ರ, ಬೇಳೆ ಕಾಳು ಹೆಸರಿಗಷ್ಟೇ. ಹಾಗಾಗಿ ಸಂಜೆ ಆರಕ್ಕೆ ಹಸಿವು ಕೆರಳುವುದು ದೇಹದ ಧರ್ಮ, ದುರಾಸೆ ಅಲ್ಲ. ಆ ಹೊತ್ತಿಗೆ ಬಸ್ ಸ್ಟಾಪಿನಲ್ಲಿ ಬಿಸಿಬಿಸಿಯಾಗಿ, ಅಗ್ಗವಾಗಿ, ತಕ್ಷಣ ಸಿಗುವುದು ಎಣ್ಣೆಯಲ್ಲಿ ಕರಿದದ್ದು ಮಾತ್ರ. ಅದೇ ದುಡ್ಡಿಗೆ ಹಣ್ಣು ಕೊಂಡರೆ ಹೊಟ್ಟೆ ತುಂಬುವುದಿಲ್ಲ. ತಿಂಗಳ ಕೊನೆಯಲ್ಲಿ ಕೈಯಲ್ಲಿ ಕಡಿಮೆ ಇರುವವರು ಒಂದು ರೂಪಾಯಿಗೆ ಜಾಸ್ತಿ ಹೊಟ್ಟೆ ತುಂಬಿಸುವುದನ್ನೇ ಆರಿಸುತ್ತಾರೆ: ಅಕ್ಕಿ, ಎಣ್ಣೆ, ಸಕ್ಕರೆ, ಮೈದಾ. ಲೆಕ್ಕ ಸರಿಯಾಗಿಯೇ ಇದೆ, ಅದರ ಬೆಲೆ ಸೊಂಟದಲ್ಲಿ ಕೂರುತ್ತದೆ. 2013ರಿಂದ ಅನ್ನಭಾಗ್ಯದ ಅಕ್ಕಿ ಹಸಿವು ನೀಗಿಸಿದೆ, ಅದರ ಬಗ್ಗೆ ನನಗೆ ಗೌರವ ಇದೆ, ಹಸಿವು ಕಂಡ ಮನೆಗಳಿಗೆ ಅದರ ಬೆಲೆ ಗೊತ್ತು. ಆದರೆ ಅಕ್ಕಿ ಮನೆಗೆ ಬಂದಷ್ಟು ಸಲೀಸಾಗಿ ಬೇಳೆ, ಕಾಳು, ತರಕಾರಿ ಬರುವುದಿಲ್ಲ. ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು ಅಥವಾ ಮೊಟ್ಟೆ ಮಾಂಸ, 400 ಗ್ರಾಂ ತರಕಾರಿ ಅನ್ನುತ್ತದೆ. ನಾನು ಮಾತಾಡಿಸುವ ಮನೆಗಳಲ್ಲಿ ಧಾನ್ಯ ಅದಕ್ಕಿಂತ ಜಾಸ್ತಿ ಇರುತ್ತದೆ, ಉಳಿದ ಎರಡೂ ಅರ್ಧಕ್ಕೂ ಬರುವುದಿಲ್ಲ.

ಬಿಳಿ ಅನ್ನದ ಹಿಂದೆ ಇನ್ನೊಂದು ವಿಷಯವೂ ಇದೆ. ನಮ್ಮ ಕಡೆ ಹಿಂದೆ ಅನ್ನ ಹಬ್ಬಕ್ಕೆ, ನೆಂಟರು ಬಂದಾಗ. ದಿನಾ ಮುದ್ದೆ. ಅನ್ನ ಉಣ್ಣುವುದು ಅನುಕೂಲದ ಗುರುತಾಗಿತ್ತು. ಹಾಗೆ ಬೆಳೆದವರಿಗೆ ಮಕ್ಕಳ ತಟ್ಟೆಗೆ ದಿನಾ ಬಿಳಿ ಅನ್ನ ಹಾಕುವುದು, ನೆಂಟರಿಗೆ ಬೇಕರಿ ತಿಂಡಿ ಇಡುವುದು, ಮಗು ಕೇಳಿದ ಚಿಪ್ಸ್ ಕೊಡಿಸುವುದು ಪ್ರೀತಿಯ, ಮರ್ಯಾದೆಯ ವಿಷಯ. ನನಗೆ ಸಿಗದಿದ್ದು ಇವರಿಗಾದರೂ ಸಿಗಲಿ ಅನ್ನುವ ಆಸೆ ಅದು. ಅದೇ ಹೊತ್ತಿಗೆ ಅನುಕೂಲಸ್ಥರ ಮನೆಗಳಲ್ಲಿ ರಾಗಿ, ನವಣೆ, ಸೊಪ್ಪು ಗೌರವದ ಊಟ ಆಗಿಬಿಟ್ಟಿವೆ. ಯಾವ ಊಟ ಬಡವರದ್ದು, ಯಾವುದು ಶ್ರೀಮಂತರದ್ದು ಅನ್ನುವುದು ಒಂದೇ ತಲೆಮಾರಿನಲ್ಲಿ ಅದಲುಬದಲಾಗಿದೆ.

ಮತ್ತೆ ನಿದ್ದೆ. ಹನ್ನೊಂದಕ್ಕೆ ಮಲಗಿ ನಾಲ್ಕೂವರೆಗೆ ಎದ್ದರೆ ಐದೂವರೆ ಗಂಟೆ. ನಿದ್ದೆ ಕಡಿಮೆಯಾದರೆ ಹಸಿವಿನ ಹಾರ್ಮೋನು ಏರುತ್ತದೆ, ಸಾಕು ಅನ್ನಿಸುವ ಹಾರ್ಮೋನು ಇಳಿಯುತ್ತದೆ, ಮರುದಿನ ಸಿಹಿ ಮತ್ತು ಎಣ್ಣೆಯ ಕಡೆ ಮನಸ್ಸು ಎಳೆಯುತ್ತದೆ. ಇದು ಮನೋಬಲದ ಪ್ರಶ್ನೆ ಅಲ್ಲ, ರಕ್ತದಲ್ಲಿ ಅಳೆಯಬಹುದಾದ ಸಂಗತಿ. ಜೊತೆಗೆ ನೀವು ಎಲ್ಲರಿಗಿಂತ ಕೊನೆಗೆ ಉಣ್ಣುತ್ತೀರಿ. ಸಾರಿನಲ್ಲಿದ್ದ ಕಾಳು, ಪಲ್ಯ, ಮೊಟ್ಟೆ ಎಲ್ಲ ಬೇರೆಯವರ ತಟ್ಟೆಗೆ ಹೋಗಿ ನಿಮಗೆ ಉಳಿಯುವುದು ಅನ್ನ ಮತ್ತು ತಿಳಿ. ಮಕ್ಕಳು ಬಿಟ್ಟದ್ದು ದಂಡ ಆಗಬಾರದು ಅಂತ ಅದನ್ನೂ ತಿನ್ನುತ್ತೀರಿ, ಅಲ್ವಾ? ರಕ್ತಹೀನತೆ ಮತ್ತು ಬೊಜ್ಜು ಒಂದೇ ದೇಹದಲ್ಲಿ ಸೇರುವುದು ಬಹುತೇಕ ಹೀಗೇ.

ಇನ್ನೊಂದು ಕಾರಣ ನಿಮ್ಮ ಹುಟ್ಟಿಗಿಂತ ಹಿಂದಿನದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನರು ಮಿಷನ್ ಆಸ್ಪತ್ರೆ ಅನ್ನುತ್ತಾರಲ್ಲ ಅಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ ಅವರನ್ನು ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ಪುಣೆಯಲ್ಲಿ ಡಾ. ಯಾಜ್ಞಿಕ್ ಅವರ ತಂಡ ನಮ್ಮ ಮಕ್ಕಳು ಹುಟ್ಟುವಾಗಲೇ ಸಣಕಲಾಗಿದ್ದರೂ ಕೊಬ್ಬಿನ ಪಾಲು ಜಾಸ್ತಿ ಇರುವುದನ್ನು ತೋರಿಸಿತು. ತಾಯಿಗೆ ಸರಿಯಾದ ಊಟ ಇಲ್ಲದೆ ಹುಟ್ಟಿದ ದೇಹ ಕೊರತೆಗೆ ಹೊಂದಿಕೊಂಡಿರುತ್ತದೆ, ಆಮೇಲೆ ಕೂತು ಮಾಡುವ ಕೆಲಸ ಮತ್ತು ಸಲೀಸಾಗಿ ಸಿಗುವ ಕ್ಯಾಲರಿ ಎದುರಾದಾಗ ಹೊಟ್ಟೆಯ ಸುತ್ತ ಬೇಗ ಕೂಡಿಡುತ್ತದೆ. ನಮಗೆ ಬಿಎಂಐ ಗಡಿ ಯುರೋಪಿನವರಿಗಿಂತ ಕೆಳಗೆ ಇಟ್ಟಿರುವುದಕ್ಕೆ ಇದೂ ಒಂದು ಕಾರಣ.

ಇಷ್ಟು ಹೇಳಿದ ಮೇಲೆ ನಿಮ್ಮ ನೇರ ಪ್ರಶ್ನೆಗಳು.

ರಾತ್ರಿ ಊಟ ಬಿಡಲಾ? ಈಗ ಬೇಡ. ಬೆಳಿಗ್ಗೆ ತಿಂಡಿ ಇಲ್ಲದ, ರಕ್ತ ಕಡಿಮೆ ಇರುವ, ನಾಲ್ಕೂವರೆಗೆ ಏಳಬೇಕಾದ ನಿಮಗೆ ಅದು ಒಗ್ಗುವುದಿಲ್ಲ. ಬಿಟ್ಟವರು ಏನು ಮಾಡುತ್ತಾರೆ ಅಂದರೆ ಸಂಜೆ ಇನ್ನೆರಡು ಬೋಂಡ ಜಾಸ್ತಿ ತಿನ್ನುತ್ತಾರೆ, ಇಲ್ಲ ಎರಡು ವಾರ ಹಠ ಹಿಡಿದು ಮೂರನೇ ವಾರ ಕೈಬಿಡುತ್ತಾರೆ. ತಪ್ಪು ಅವರದಲ್ಲ. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರು. ಅವರಿಗೆ ಹಗಲು ರಾತ್ರಿ ಊಟದ್ದೇ ಯೋಚನೆಯಾಯಿತು, ಆಮೇಲೆ ಊಟ ಸಿಕ್ಕಾಗ ಕಳೆದುಕೊಂಡ ಕೊಬ್ಬಿಗಿಂತ ಜಾಸ್ತಿ ಕೂಡಿತು. ರಾತ್ರಿ ಊಟವನ್ನು ಬಿಡುವ ಬದಲು ಎಂಟಕ್ಕೆ ಎಳೆದು ತನ್ನಿ, ಎಲ್ಲರ ಜೊತೆ ಕೂತು ಉಣ್ಣಿ. ಈ ಒಂದು ಬದಲಾವಣೆಗೆ ದುಡ್ಡು ಬೇಡ. ಮನೆಯವರ ಒಪ್ಪಿಗೆ ಬೇಕು, ಅದು ದುಡ್ಡಿಗಿಂತ ಕಷ್ಟ ಅಂತ ನನಗೆ ಗೊತ್ತು. ಕೇಳಿ ನೋಡಿ.

ಪೌಡರ್? ಬೇಡ. ಅದರಲ್ಲಿ ಸಾಮಾನ್ಯವಾಗಿ ಇರುವುದು ಹಾಲಿನ ಅಥವಾ ಸೋಯಾ ಪ್ರೋಟೀನ್, ಸಿಹಿ, ಪರಿಮಳ, ಒಂದಿಷ್ಟು ವಿಟಮಿನ್. ಊಟದ ಬದಲು ಕುಡಿದರೆ ಕ್ಯಾಲರಿ ಇಳಿಯುತ್ತದೆ, ತೂಕವೂ ಸ್ವಲ್ಪ ಇಳಿಯುತ್ತದೆ. ನಿಲ್ಲಿಸಿದ ದಿನದಿಂದ ಹಳೇ ಊಟ, ಹಳೇ ತೂಕ. ತಿಂಗಳಿಗೆ ಮೂರು ಸಾವಿರ ಅಂದರೆ ನಿಮ್ಮ ಇಡೀ ಮನೆಗೆ ಕಾಳು, ಮೊಟ್ಟೆ, ಸೊಪ್ಪು ಬರುತ್ತದೆ. ಇನ್ನು ಲೇಬಲ್ ಸರಿಯಾಗಿ ಇಲ್ಲದ, 'ನ್ಯಾಚುರಲ್', 'ಸೈಡ್ ಎಫೆಕ್ಟ್ ಇಲ್ಲ' ಅಂತ ಕೈಯಿಂದ ಕೈಗೆ ಮಾರುವ ಪುಡಿ, ಮಾತ್ರೆಗಳು ನಿಜಕ್ಕೂ ಅಪಾಯ. ಸಿಬುಟ್ರಮೀನ್ ಅನ್ನುವ ಮಾತ್ರೆಯನ್ನು ಹೃದಯಕ್ಕೆ ಅಪಾಯ ಅಂತ ನಮ್ಮ ದೇಶದಲ್ಲಿ 2011ರಲ್ಲಿ ನಿಷೇಧಿಸಿದರು, ಆದರೂ ತೂಕ ಇಳಿಸುವ ಪುಡಿಗಳಲ್ಲಿ ಅದನ್ನು ಕದ್ದು ಬೆರೆಸಿದ್ದು ಬೇರೆ ಬೇರೆ ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಪಕ್ಕದ ಮನೆಯವರ ಮೇಲೆ ಸಿಟ್ಟು ಬೇಡ. ಅವರೂ ನಾಲ್ಕು ಕಾಸು ಆಗುತ್ತದೆ ಅಂತ ಹಿಡಿದಿರುವ ಕೆಲಸ ಅದು.

ಈಗ ಎಲ್ಲರ ಬಾಯಲ್ಲಿರುವ ಇಂಜೆಕ್ಷನ್ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಹೇಳುತ್ತಾರೆ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಅನ್ನುವ ಔಷಧಗಳು ನಿಜವಾಗಿ ಕೆಲಸ ಮಾಡುತ್ತವೆ. ಹಸಿವನ್ನೇ ತಗ್ಗಿಸುತ್ತವೆ. ವಾಂತಿ, ಹೊಟ್ಟೆ ತೊಳಸು ಬರಬಹುದು, ಕೊಬ್ಬಿನ ಜೊತೆ ಸ್ನಾಯುವೂ ಕರಗಬಹುದು, ನಿಲ್ಲಿಸಿದರೆ ಬಹುತೇಕರಿಗೆ ತೂಕ ಮರಳುತ್ತದೆ. ಡಾಕ್ಟರ್ ಉಸ್ತುವಾರಿ ಇಲ್ಲದೆ ಮುಟ್ಟುವಂಥದ್ದಲ್ಲ. ನಿಮಗೆ ಮೊದಲ ಹೆಜ್ಜೆ ಅದಲ್ಲ.

ಅನ್ನ ಪೂರ್ತಿ ಬಿಡಬೇಕಾಗಿಲ್ಲ. ಬಾಕ್ಸಿನಲ್ಲಿ ಈಗ ಹಾಕುವ ಅನ್ನವನ್ನು ಅರ್ಧಕ್ಕೆ ಇಳಿಸಿ, ಉಳಿದ ಅರ್ಧಕ್ಕೆ ಕಾಳು ಮತ್ತು ಸೊಪ್ಪು ತುಂಬಿ. ಇದಕ್ಕೆ ಹೊಸ ಅಡುಗೆ ಕಲಿಯಬೇಕಿಲ್ಲ, ನಿಮ್ಮ ಮಂಡ್ಯ ಕಡೆಯ ಬಸ್ಸಾರೇ ಸಾಕು. ಬಸಿದ ಕಾಳು ಸೊಪ್ಪಿನ ಪಲ್ಯವನ್ನು ಬೇರೆಯವರಿಗೆ ಬಡಿಸುವ ಮೊದಲು ನಿಮ್ಮ ಬಾಕ್ಸಿಗೆ ಒಂದು ಬಟ್ಟಲು ತೆಗೆದಿಡಿ. ಭಾನುವಾರ ಹುರುಳಿ, ಹೆಸರುಕಾಳು, ಅಲಸಂದೆ ನೆನೆಸಿ ಮೊಳಕೆ ಕಟ್ಟಿ ಫ್ರಿಜ್‌ನಲ್ಲಿ ಇಟ್ಟರೆ ಮೂರು ದಿನ ಬರುತ್ತದೆ. ಫ್ರಿಜ್ ಇಲ್ಲದಿದ್ದರೆ ಹಿಂದಿನ ರಾತ್ರಿ ನೆನೆಸಿದರೂ ಸಾಕು. ತಿನ್ನುವವರಾದರೆ ದಿನಕ್ಕೊಂದು ಬೇಯಿಸಿದ ಮೊಟ್ಟೆ, ಬೆಳಿಗ್ಗೆ ಬಿಸ್ಕೆಟ್ ಜಾಗಕ್ಕೆ. ಅಥವಾ ರಾತ್ರಿ ಮುದ್ದೆಗೆ ಕಲಸುವ ಹಿಟ್ಟಿನಲ್ಲೇ ಒಂದಿಷ್ಟು ಎತ್ತಿಟ್ಟು ಮಜ್ಜಿಗೆ ಹಾಕಿ ಅಂಬಲಿ. ಸಂಜೆಗೆ ಬ್ಯಾಗಿನಲ್ಲಿ ಒಂದು ಹಿಡಿ ಹುರಿಗಡಲೆ ಅಥವಾ ಕಡಲೆಕಾಯಿ, ಒಂದು ಬಾಳೆಹಣ್ಣು ಇರಲಿ. ಅದನ್ನು ಬಸ್ಸಿನಲ್ಲೇ ತಿನ್ನಿ, ಬಜ್ಜಿ ಗಾಡಿ ಕಾಣುವ ಮೊದಲೇ. ವಾರಕ್ಕೊಂದು ದಿನ ಬಜ್ಜಿ ತಿಂದರೆ ಏನೂ ಆಗುವುದಿಲ್ಲ.

ಟೀ ಬಿಡಿ ಅನ್ನುವುದಿಲ್ಲ. ಸಕ್ಕರೆಯನ್ನು ಎರಡು ಚಮಚದಿಂದ ಒಂದಕ್ಕೆ ಇಳಿಸಿ, ಎರಡು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಬೆಲ್ಲ ಹಾಕಿದರೂ ಲೆಕ್ಕ ಒಂದೇ. ಮುಖ್ಯವಾಗಿ, ಊಟ ಆದ ತಕ್ಷಣ ಟೀ ಕುಡಿಯಬೇಡಿ, ಸೊಪ್ಪು ಕಾಳಿನ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಬಿಡಿ. ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಚೆನ್ನಾಗಿ ಹೀರುತ್ತದೆ. ಎಣ್ಣೆಯನ್ನು ಚಮಚದಲ್ಲಿ ಅಳೆಯುವುದು ಯಾರಿಗೂ ಆಗುವುದಿಲ್ಲ, ತಿಂಗಳ ಲೆಕ್ಕ ಸುಲಭ. ನಿಮ್ಮ ಐದು ಜನರ ಮನೆಗೆ ತಿಂಗಳಿಗೆ ಮೂರು ಲೀಟರ್ ಪಾಕೆಟ್ ತಂದು, ಅದರಲ್ಲೇ ಮುಗಿಸಿ. ಟಾಯ್ಲೆಟ್‌ಗೆ ಎದ್ದು ಹೋಗಲು ಬಿಡುವುದಿಲ್ಲ ಅಂತ ಲೈನಿನಲ್ಲಿ ನೀರೇ ಕುಡಿಯದೆ ಟೀಯಲ್ಲೇ ದಿನ ದೂಡುವವರು ಬಹಳ ಇದ್ದಾರೆ. ನೀವೂ ಹಾಗೆ ಮಾಡುತ್ತಿದ್ದರೆ ಮೂತ್ರದ ಸೋಂಕು ಬರಬಹುದು, ದಯವಿಟ್ಟು ನೀರು ಕುಡಿಯಿರಿ.

ನಡಿಗೆ. ಬೆಳಿಗ್ಗೆ ಪಾರ್ಕಿಗೆ ಹೋಗಿ ಅಂತ ನಾಲ್ಕೂವರೆಗೆ ಏಳುವವರಿಗೆ ಹೇಳುವುದು ಕ್ರೂರ. ರಾತ್ರಿ ಊಟದ ಮೇಲೆ ಹತ್ತು ಹದಿನೈದು ನಿಮಿಷ ಬೀದಿಯಲ್ಲೇ ನಡೆಯಿರಿ, ಊಟದ ನಂತರದ ಸಕ್ಕರೆ ತಗ್ಗುವುದಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಊಟದ ಬಿಡುವಿನಲ್ಲಿ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ. ಆದರೆ ನಡಿಗೆಗಾಗಿ ನಿದ್ದೆ ಕಡಿಮೆ ಮಾಡಬೇಡಿ. ನಿದ್ದೆಗೆ ಆರೂವರೆ ಗಂಟೆ ಸಿಗಬೇಕಾದರೆ ಬೆಳಗಿನ ಕೆಲಸದಲ್ಲಿ ಒಂದು ಪಾಲು ಬೇರೆ ಯಾರಾದರೂ ಮಾಡಬೇಕು. ಯಜಮಾನರು ಮಕ್ಕಳ ಬಾಕ್ಸ್ ಕಟ್ಟಬಹುದು, ಅತ್ತೆ ಕೂತಲ್ಲೇ ಸೊಪ್ಪು ಬಿಡಿಸಿಕೊಡಬಹುದು. ಇದನ್ನು ನಾನು ಔಷಧದ ಚೀಟಿಯಲ್ಲಿ ಬರೆಯುವ ಹಾಗೇ ಹೇಳುತ್ತಿದ್ದೇನೆ. ನಿಮ್ಮ ಚಿಕಿತ್ಸೆಯ ಭಾಗ ಇದು.

ಎಷ್ಟು ಇಳಿಯಬೇಕು? ಮತ್ತೆ 52ಕ್ಕೆ ಬರಬೇಕು ಅಂತ ಹೊರಡಬೇಡಿ. ಆರು ತಿಂಗಳಲ್ಲಿ ಮೂರು ಮೂರೂವರೆ ಕೆ.ಜಿ. ಇಳಿದರೆ ಸಕ್ಕರೆ, ಬಿಪಿ ಎರಡಕ್ಕೂ ಗುಣ ಕಾಣುತ್ತದೆ. ತೂಕ ಇಳಿಯದಿದ್ದರೂ ಶ್ರಮ ವ್ಯರ್ಥ ಅಲ್ಲ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರನ್ನು ಮೂರು ವರ್ಷ ಹಿಂಬಾಲಿಸಿತು, 2006ರಲ್ಲಿ ಪ್ರಕಟವಾಯಿತು. ಊಟ ತಿದ್ದಿಕೊಂಡು ನಡೆದವರಲ್ಲಿ ಕಾಯಿಲೆ ಬರುವ ಅಪಾಯ ಶೇ. 28ರಷ್ಟು ಇಳಿಯಿತು, ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಿರಲೇ ಇಲ್ಲ. ತೂಕದ ಮಷಿನ್ ಮುಳ್ಳು ಅಲ್ಲಾಡಲಿಲ್ಲ ಅಂತ ಬೇಸರಪಟ್ಟು ಬಿಟ್ಟುಬಿಡುವವರಿಗೆ ನಾನು ಯಾವಾಗಲೂ ಇದನ್ನು ಹೇಳುತ್ತೇನೆ. ತಿಂಗಳಿಗೊಮ್ಮೆ ಟೇಪಿನಲ್ಲಿ ಸೊಂಟ ಅಳೆಯಿರಿ. ಟೇಪ್ ಅಂತೂ ನಿಮ್ಮ ಕೈಯಲ್ಲೇ ಇರುತ್ತದೆ.

ಡಾಕ್ಟರ್ ಹತ್ತಿರ ಹೋಗಲೇಬೇಕು. ನಿಮ್ಮ ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಿದ್ದರೆ ಅದು ನಿಮ್ಮದೇ ದುಡ್ಡು, ಉಪಯೋಗಿಸಿ. ಹಿಮೋಗ್ಲೋಬಿನ್ 10.4ಕ್ಕೆ ಊಟ ಮಾತ್ರ ಸಾಲದು, ಕಬ್ಬಿಣದ ಮಾತ್ರೆ ಬೇಕಾಗಬಹುದು, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆಯಾ ಅಂತ ಅವರೇ ಕೇಳಬೇಕು. ಮುಟ್ಟು ಏರುಪೇರಾಗಿದ್ದರೆ, ರಾತ್ರಿ ಜೋರಾಗಿ ಗೊರಕೆ ಬಂದು ಹಗಲು ತೂಕಡಿಕೆ ಇದ್ದರೆ, ಕಾಲು ಊದುತ್ತಿದ್ದರೆ ಹೇಳಿ. ಸ್ಟಿರಾಯ್ಡ್ ಮಾತ್ರೆ, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು, ಮಕ್ಕಳಾಗದಂತೆ ಮೂರು ತಿಂಗಳಿಗೊಮ್ಮೆ ಕೊಡುವ ಅಂತರ ಚುಚ್ಚುಮದ್ದು ಕೆಲವರಲ್ಲಿ ತೂಕ ಏರಿಸುತ್ತವೆ. ಇವುಗಳಲ್ಲಿ ಯಾವುದಾದರೂ ನಡೆಯುತ್ತಿದ್ದರೆ ನೀವಾಗೇ ನಿಲ್ಲಿಸಬೇಡಿ, ಕೇಳಿ ಬದಲಿಸಿಕೊಳ್ಳಿ. ಥೈರಾಯ್ಡ್ ನಾರ್ಮಲ್ ಅಂದಿದ್ದೀರಿ, ಅದನ್ನು ಮತ್ತೆ ಮತ್ತೆ ಮಾಡಿಸಿ ದುಡ್ಡು ಕಳೆಯಬೇಡಿ. ಇದ್ದಿದ್ದರೂ ಅದೊಂದೇ ಹದಿನಾರು ಕೆ.ಜಿ. ಏರಿಸುವುದಿಲ್ಲ.

ಕಾರ್ಖಾನೆಯ ವಿಷಯಕ್ಕೂ ಒಂದು ಮಾತು. ದೊಡ್ಡ ಕಾರ್ಖಾನೆಗಳಲ್ಲಿ ಕ್ಯಾಂಟೀನ್ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ನಿಯಮ ಇದೆ. ನಿಮ್ಮಲ್ಲಿ ಇದ್ದರೆ, ನಾಲ್ಕೈದು ಜನ ಸೇರಿ ಸಂಜೆ ಬನ್ ಬದಲು ಕಡಲೆ ಉಸಲಿ ಕೊಡಿ ಅಂತ ಕ್ಯಾಂಟೀನ್ ಕಮಿಟಿಯಲ್ಲಿ ಕೇಳಿ. ಒಬ್ಬರೇ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಒಂದು ಲೈನ್ ಪೂರ್ತಿ ಕೇಳಿದರೆ ಮಾಡಿಕೊಟ್ಟ ಕಡೆಗಳನ್ನು ನಾನು ನೋಡಿದ್ದೇನೆ.

ಯಜಮಾನರಿಗೆ 30 ದಾಟಿರುತ್ತದೆ. ಹಗಲೆಲ್ಲ ಆಟೋದಲ್ಲಿ ಕೂತೇ ಇರುತ್ತಾರೆ. 30 ದಾಟಿದವರಿಗೆ ಬಿಪಿ, ಸಕ್ಕರೆ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸರ್ಕಾರದ 'ನಮ್ಮ ಕ್ಲಿನಿಕ್' ಅನ್ನುವ ಕಡೆ ಉಚಿತ. ನೀವು ಹೋಗುವ ದಿನವೇ ಅವರನ್ನೂ ಕರೆದುಕೊಂಡು ಹೋಗಿ, ಅತ್ತೆಯನ್ನೂ.